ಒಂದೇ ರೌಂಡ್ ದಿ ವರ್ಲ್ಡ್ ಟಿಕೆಟ್‌ನಲ್ಲಿ ಗೋಲ್ಡ್ ಕಾರ್ಡ್ ಬರುತ್ತದೆಯೇ?

ಪ್ರಶ್ನೆ: ರೌಂಡ್ ದಿ ವರ್ಲ್ಡ್ ಟಿಕೆಟ್ ತೆಗೆದುಕೊಂಡು ಲೋಕ ಸುತ್ತುವ ಯೋಚನೆ ಇದೆ. ಹೇಗೂ ಅಷ್ಟು ದೂರ ಹಾರುತ್ತೇವಲ್ಲ, ಅದರಲ್ಲೇ ಏರ್‌ಲೈನ್‌ನ ಗೋಲ್ಡ್ ಸ್ಟೇಟಸ್ (ಹೆಚ್ಚು ಹಾರುವವರಿಗೆ ಕೊಡುವ ವಿಶೇಷ ದರ್ಜೆ) ಕೂಡ ಗಿಟ್ಟಿಸಿಕೊಳ್ಳಬಹುದೇ? ಯಾವ ದಾರಿ ಹಿಡಿದರೆ ಒಳ್ಳೆಯದು?

ಉತ್ತರ: ಗಿಟ್ಟಿಸಿಕೊಳ್ಳಬಹುದು. ಆದರೆ ಯಾರ ಗೋಲ್ಡ್? ಹಲವು ಏರ್‌ಲೈನ್‌ಗಳು ಸೇರಿಕೊಂಡ ಒನ್‌ವರ್ಲ್ಡ್ ಕೂಟವನ್ನೇ ನೋಡಿ; ಕೂಟದಲ್ಲಿ ಯಾರ ವಿಮಾನ ಹತ್ತಿದರೂ ಪಾಯಿಂಟನ್ನು ನಿಮಗೆ ಬೇಕಾದ ಒಂದು ಕಂಪನಿಯ ಖಾತೆಗೆ ಹಾಕಿಸಬಹುದು. ಅಮೆರಿಕನ್ ಏರ್‌ಲೈನ್ಸ್‌ನ ಗೋಲ್ಡ್ ಕೂಟದ ಲೆಕ್ಕದಲ್ಲಿ ಕೆಳಗಿನ ಮೆಟ್ಟಿಲು, ರೂಬಿ. ಕ್ವಾಂಟಾಸ್‌ನ ಗೋಲ್ಡ್ ನಡುವಿನದು, ಸಫೈರ್. ಬ್ರಿಟಿಷ್ ಏರ್‌ವೇಸ್‌ನ ಗೋಲ್ಡ್ ತುತ್ತತುದಿಯ ಎಮರಾಲ್ಡ್. ಇಕಾನಮಿ ಟಿಕೆಟ್ ಹಿಡಿದೂ ಬಿಸಿನೆಸ್ ಲೌಂಜ್‌ನಲ್ಲಿ ಕೂರುವ ಭಾಗ್ಯ ಶುರುವಾಗುವುದು ಸಫೈರ್‌ನಿಂದ. ಹಾಗಾಗಿ ಕಾರ್ಡಿನ ಬಣ್ಣ ನೋಡಬೇಡಿ, ಸಫೈರ್ ಸಿಗುತ್ತದೆಯೇ ಅಂತ ನೋಡಿ.

ಹೆಚ್ಚಿನವರು ಮೊದಲು ಭೂಪಟ ಹರಡಿಕೊಂಡು ಊರುಗಳಿಗೆ ಗೆರೆ ಎಳೆಯುತ್ತಾರೆ. ಟಿಕೆಟ್ ಕೈಗೆ ಬಂದ ಮೇಲೆ ಯಾವ ಮೆಂಬರ್‌ಶಿಪ್ ನಂಬರ್ ಹಾಕಲಿ ಎಂದು ತಲೆ ಕೆರೆದುಕೊಳ್ಳುತ್ತಾರೆ. ಇದು ತಿರುವುಮುರುವು. ಕೆಲವು ಕಂಪನಿಗಳು ಹಾರಿದ ದೂರ ಅಳೆಯುತ್ತವೆ, ಕೆಲವು ನೀವು ಕೊಟ್ಟ ದುಡ್ಡು. ಲೋಕ ಸುತ್ತುವ ಟಿಕೆಟ್‌ನ ಸೊಗಸೇ ಮೈಲಿ ಹೆಚ್ಚು, ಮೈಲಿಗೆ ಬೀಳುವ ದುಡ್ಡು ಕಡಿಮೆ ಅನ್ನೋದು. ದುಡ್ಡು ಎಣಿಸುವವರ ಖಾತೆಗೆ ಅದನ್ನು ಹಾಕಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಬ್ರಿಟಿಷ್ ಏರ್‌ವೇಸ್ 2025ರ ಏಪ್ರಿಲ್ 1ರಿಂದ ತನ್ನ ಟಿಕೆಟ್‌ಗಳಿಗೆ ದುಡ್ಡಿನ ಲೆಕ್ಕಕ್ಕೆ ಬಂತು: ಖರ್ಚು ಮಾಡಿದ ಪೌಂಡಿಗೊಂದು ಟಿಯರ್ ಪಾಯಿಂಟ್ (ಸ್ಟೇಟಸ್‌ಗೆ ಎಣಿಸುವ ಅಂಕ), ಸಿಲ್ವರ್‌ಗೆ (ಕೂಟದ ಸಫೈರ್) 7,500, ಗೋಲ್ಡ್‌ಗೆ 20,000. ಅಷ್ಟಕ್ಕೇ ಆ ಬಾಗಿಲು ಪೂರ್ತಿ ಮುಚ್ಚಿಲ್ಲ. ಟಿಕೆಟ್ ಕೊಟ್ಟದ್ದು ಕೂಟದ ಬೇರೆ ಕಂಪನಿಯಾದರೆ ಅಲ್ಲಿ ಈಗಲೂ ಮೈಲಿಯ ಶೇಕಡಾವಾರು ಲೆಕ್ಕವೇ. ಟಿಕೆಟ್ ಕೊಟ್ಟವರು ಯಾರು ಅನ್ನೋದನ್ನು ಟಿಕೆಟ್ ಸಂಖ್ಯೆಯ ಮೊದಲ ಮೂರು ಅಂಕಿ ಹೇಳುತ್ತವೆ. 125 ಎಂದರೆ ಬ್ರಿಟಿಷ್ ಏರ್‌ವೇಸ್, 001 ಅಮೆರಿಕನ್, 081 ಕ್ವಾಂಟಾಸ್.

ಈಗ ದಾರಿಯ ಮಾತು. ಒನ್‌ವರ್ಲ್ಡ್ ಕೂಟದ ಲೋಕ ಸುತ್ತುವ ಟಿಕೆಟ್ ಒನ್‌ವರ್ಲ್ಡ್ ಎಕ್ಸ್‌ಪ್ಲೋರರ್. ಅದರ ದರ ನಿಂತಿರುವುದು ನೀವು ಮುಟ್ಟುವ ಖಂಡಗಳ ಸಂಖ್ಯೆ ಮತ್ತು ಹೊರಡುವ ದೇಶದ ಮೇಲೆ. ಇನ್ನೊಂದು ಕೂಟ ಸ್ಟಾರ್ ಅಲಯನ್ಸ್‌ನ ಟಿಕೆಟ್‌ನಲ್ಲಿ ಮೈಲಿಯ ಹಂತಗಳಿವೆ, 39,000ಕ್ಕೆ ಕೊನೆ. ಎರಡರಲ್ಲೂ ಹೆಚ್ಚೆಂದರೆ 16 ಹಾರಾಟ, ಒಂದು ವರ್ಷ ಅವಧಿ, ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಎರಡನ್ನೂ ದಾಟಲೇಬೇಕು. ಸ್ಟೇಟಸ್ಸೇ ಗುರಿಯಾದರೆ ಮೊದಲನೆಯದೇ ವಾಸಿ ಅಂತ ನನ್ನ ಲೆಕ್ಕ, ಏಕೆಂದರೆ ಅಲ್ಲಿ ಅಡ್ಡಾದಿಡ್ಡಿ ಹಾರಿದರೂ ಮೈಲಿ ಮೀರಿತು ಎಂದು ಯಾರೂ ತಡೆಯುವುದಿಲ್ಲ.

ಅಡ್ಡಾದಿಡ್ಡಿ ಯಾಕೆ ಹಾರಬೇಕು? ಕ್ವಾಂಟಾಸ್ ಲೆಕ್ಕ ನೋಡಿ. ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಸುಮಾರು 7,490 ಮೈಲಿ. ಅವರದೇ ವಿಮಾನದ ಬಿಸಿನೆಸ್‌ನಲ್ಲಿ ಹೋದರೆ 180 ಸ್ಟೇಟಸ್ ಕ್ರೆಡಿಟ್ (ಸ್ಟೇಟಸ್ ಅಂಕಕ್ಕೆ ಅವರಿಟ್ಟ ಹೆಸರು). ಸಿಡ್ನಿಯಿಂದ ಮೆಲ್ಬರ್ನ್ ಬರೀ 440 ಮೈಲಿ, ಅದಕ್ಕೆ 40. ದೂರ ಹದಿನೇಳು ಪಟ್ಟು, ಕ್ರೆಡಿಟ್ ನಾಲ್ಕೂವರೆ ಪಟ್ಟು ಅಷ್ಟೆ! ಮೊದಲ ಸಲ ಗೋಲ್ಡ್‌ಗೆ ಬೇಕಾದದ್ದು 700. ಹಾಗಾಗಿ ನೇರ ಹಾರಾಟ ಬಿಟ್ಟು ನಡುವೆ ಇಳಿದು ಹತ್ತುವವನೇ ಇಲ್ಲಿ ಜಾಣ. ಮೈಲಿಯನ್ನೇ ನೇರ ಎಣಿಸುವ ಕಡೆ ಈ ಉಪಾಯ ಕೆಲಸ ಮಾಡುವುದಿಲ್ಲ, ಅಲ್ಲಿ ಉದ್ದದ ಹಾರಾಟವೇ ಬೇಕು. ಕ್ವಾಂಟಾಸ್‌ನದೊಂದು ಕೊಕ್ಕೆ: ವರ್ಷದಲ್ಲಿ ನಾಲ್ಕು ಹಾರಾಟವಾದರೂ ಕ್ವಾಂಟಾಸ್ ಅಥವಾ ಅದರ ಅಗ್ಗದ ಏರ್‌ಲೈನ್ ಜೆಟ್‌ಸ್ಟಾರ್‌ನದಾಗಿರಬೇಕು.

ಹದಿನಾರನ್ನೂ ಮನಬಂದಂತೆ ಸುರಿಯಲಾಗದು. ಎಕ್ಸ್‌ಪ್ಲೋರರ್‌ನಲ್ಲಿ ಒಂದು ಖಂಡದೊಳಗೆ ನಾಲ್ಕೇ ಹಾರಾಟ, ಉತ್ತರ ಅಮೆರಿಕದಲ್ಲಿ ಮಾತ್ರ ಆರು. ಅವರ ಭೂಗೋಳವೂ ಬೇರೆ: ದೋಹಾ, ಕೈರೋ ಎರಡೂ ಯುರೋಪಿನ ಖಾತೆಗೇ ಸೇರುತ್ತವೆ. ಲಂಡನ್‌ನಲ್ಲಿ ಇಳಿದು ರೈಲಿನಲ್ಲಿ ಪ್ಯಾರಿಸ್‌ಗೆ ಹೋಗಿ ಅಲ್ಲಿಂದ ಹತ್ತಿದರೆ, ಹಾರದೆಯೂ ಹದಿನಾರರಲ್ಲಿ ಒಂದು ಕಳೆಯಿತು.

ಇಕಾನಮಿಯಲ್ಲಿ ಹೋಗುವವರಿಗೆ ಒಂದು ಮಾತು. ನಾಲ್ಕು ಖಂಡದ ಬಿಸಿನೆಸ್ ಟಿಕೆಟ್‌ಗೆ ಡಿಒಎನ್ಇ4, ಇಕಾನಮಿಗೆ ಎಲ್ಒಎನ್ಇ4 ಎಂಬ ಸಂಕೇತ ಇರುತ್ತದೆ. ಆ ಮೊದಲ ಅಕ್ಷರವೇ ಬುಕಿಂಗ್ ದರ್ಜೆ, ಪಾಯಿಂಟು ಎಷ್ಟೆಂಬುದು ಅದರ ಮೇಲೆ ನಿಂತಿದೆ. 'ಎಲ್'ಗೆ ಬಹಳ ಕಡೆ ಪಾಯಿಂಟು ಚಿಲ್ಲರೆಯಷ್ಟೇ. ಇಕಾನಮಿಯಾದರೆ ಸ್ಟೇಟಸ್ ಮರೆತು ಊರು ನೋಡಿಕೊಂಡು ಬನ್ನಿ.

ವರ್ಷದ ಗೆರೆಯನ್ನೂ ಗಮನಿಸಿ. ಟಿಕೆಟ್‌ನ ವರ್ಷವೇ ಬೇರೆ, ಸ್ಟೇಟಸ್‌ನ ವರ್ಷವೇ ಬೇರೆ. ಅಮೆರಿಕನ್‌ನದು ಮಾರ್ಚ್‌ನಿಂದ ಫೆಬ್ರವರಿ, ಬ್ರಿಟಿಷ್ ಏರ್‌ವೇಸ್‌ನದು ಏಪ್ರಿಲ್‌ನಿಂದ ಮಾರ್ಚ್, ಕ್ವಾಂಟಾಸ್‌ನದು ನೀವು ಸೇರಿದ ತಿಂಗಳಿಗೆ ಅಂಟಿಕೊಂಡದ್ದು. ಪ್ರವಾಸ ಈ ಗೆರೆಯ ಆಚೆಗೊಂದು ಕಾಲು ಈಚೆಗೊಂದು ಕಾಲು ಇಟ್ಟರೆ ಎರಡು ವರ್ಷವೂ ಅರ್ಧಂಬರ್ಧ.

ಇನ್ನು ಬೋರ್ಡಿಂಗ್ ಪಾಸ್. ಪಾಯಿಂಟು ಖಾತೆಗೆ ಬರುವ ತನಕ ಬಿಸಾಡಬೇಡಿ. ಒಮ್ಮೆ ವಿಮಾನ ರದ್ದಾಗಿ ನನ್ನನ್ನು ಬೇರೆ ಕಂಪನಿಯ ವಿಮಾನಕ್ಕೆ ಹತ್ತಿಸಿದರು. ಪಾಸ್ ಮೇಲಿನ 'ಡಿ' ಹೋಗಿ ಇಕಾನಮಿಯ 'ವೈ' ಆಗಿದ್ದು ಕಣ್ಣಿಗೆ ಬಿದ್ದದ್ದು ಮನೆಗೆ ಬಂದ ಮೇಲೆ. ಮೂಲ ಹಾರಾಟದ ಪಾಯಿಂಟೇ ಕೊಡಿ ಎಂದು ಹಳೆಯ ಟಿಕೆಟ್ ಲಗತ್ತಿಸಿ ಬರೆದೆ, ಕೊಟ್ಟರು. ಕೇಳದಿದ್ದರೆ ಕೊಡುತ್ತಿರಲಿಲ್ಲ.