ಪದ ಪರಿಚಯ: ಫೋಟೊಪೀರಿಯಡ್ – ಗಾಂಜಾ ತಳಿಗೂ ಋತುವಿಗೂ ಇರುವ ನಂಟು

ಹಗಲು–ರಾತ್ರಿಗಳ ಉದ್ದವನ್ನು ಗ್ರಹಿಸಿ ಗಿಡವೊಂದು ತಾನು ಹೂಬಿಡುವ ಕಾಲವನ್ನು ಗೊತ್ತುಮಾಡಿಕೊಳ್ಳುವ ಗುಣವನ್ನು ಸಸ್ಯವಿಜ್ಞಾನದಲ್ಲಿ ಫೋಟೊಪೀರಿಯಾಡಿಸಂ ಎಂದೂ, ದಿನವೊಂದರಲ್ಲಿ ಅದಕ್ಕೆ ದೊರೆಯುವ ಬೆಳಕಿನ ಅವಧಿಯನ್ನು ಫೋಟೊಪೀರಿಯಡ್ ಎಂದೂ ಕರೆಯುತ್ತಾರೆ. ಮನೆಯ ಹಿತ್ತಲಲ್ಲಿ ಕೆಲವೇ ಗಾಂಜಾ ಗಿಡಗಳನ್ನು ಬೆಳೆಯಲು ಕಾನೂನಿನ ಅನುಮತಿಯಿರುವ ಕೆನಡಾ, ಜರ್ಮನಿಯಂಥ ದೇಶಗಳಲ್ಲಿ ಬೀಜ ಮಾರುವವರು ತಮ್ಮ ತಳಿಗಳನ್ನು ‘ಫೋಟೊಪೀರಿಯಡ್’ (ರಾತ್ರಿಯ ಉದ್ದ ನೋಡಿ ಹೂಬಿಡುವವು) ಮತ್ತು ‘ಆಟೋಫ್ಲವರ್’ (ವಯಸ್ಸಿನ ಲೆಕ್ಕದಲ್ಲಿ ಹೂಬಿಡುವವು) ಎಂದು ಎರಡಾಗಿ ವಿಂಗಡಿಸುತ್ತಾರೆ. ಋತುವಿಗೆ ತಕ್ಕ ತಳಿ ಎಂದರೆ ಬಿಸಿಲನ್ನೋ ಚಳಿಯನ್ನೋ ತಾಳಬಲ್ಲ ತಳಿ ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಆಯ್ಕೆ ಮುಖ್ಯವಾಗಿ ನಿಂತಿರುವುದು ರಾತ್ರಿಯ ಉದ್ದದ ಮೇಲೆ.

ಈ ಗುಣದ ಮೊದಲ ಸುಳಿವು ಸಿಕ್ಕಿದ್ದೇ ಗಾಂಜಾದ ಒಡಹುಟ್ಟಾದ, ನಾರಿಗಾಗಿ ಬೆಳೆಯುವ ಹೆಂಪ್ ಗಿಡದಲ್ಲಿ. ಹಗಲನ್ನು ಮೊಟಕುಗೊಳಿಸಿದರೆ ಹೆಂಪ್ ಮತ್ತು ಅದೇ ಕುಟುಂಬದ ಹಾಪ್ಸ್ ಗಿಡಗಳು ಬೇಗ ಹೂಬಿಡುತ್ತವೆ ಎಂಬುದನ್ನು ಫ್ರಾನ್ಸಿನ ಜೂಲಿಯನ್ ಟುರ್ನ್ವಾ 1912ರ ಸುಮಾರಿಗೆ ಗಮನಿಸಿದರು. ಮೊದಲ ಮಹಾಯುದ್ಧದಲ್ಲಿ ಅವರು ತೀರಿಕೊಂಡದ್ದರಿಂದ ಆ ಕೆಲಸ ಅಲ್ಲಿಗೇ ನಿಂತಿತು. 1920ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್, ಬೇಸಿಗೆಯುದ್ದಕ್ಕೂ ಹೂವಿಲ್ಲದೆ ಎತ್ತರಕ್ಕೆ ಬೆಳೆಯುತ್ತಲೇ ಹೋಗುವ ಹೊಗೆಸೊಪ್ಪಿನ ತಳಿಯೊಂದರ ಮೇಲೆ ಪ್ರಯೋಗ ನಡೆಸಿ, ಈ ವಿದ್ಯಮಾನಕ್ಕೆ ಹೆಸರಿಟ್ಟರು.

ಗಾಂಜಾ ‘ಹ್ರಸ್ವದಿನ’ ಸಸ್ಯ, ಅಂದರೆ ಹಗಲು ಕಿರಿದಾದಾಗ ಹೂಬಿಡುವಂಥದು. ಗಿಡವು ನಿಜವಾಗಿ ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಕತ್ತಲನ್ನು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಕೆಂಪು ಬೆಳಕಿನಲ್ಲಿ ಒಂದು ರೂಪಕ್ಕೆ ತಿರುಗಿ, ಕತ್ತಲಲ್ಲಿ ನಿಧಾನವಾಗಿ ಹಿಂದಿನ ರೂಪಕ್ಕೆ ಮರಳುತ್ತದೆ. ರಾತ್ರಿ ಸಾಕಷ್ಟು ದೀರ್ಘವಾದಾಗ ಹೂವಿನ ಸಂಕೇತ ಹೊರಡುತ್ತದೆ. ಆದ್ದರಿಂದಲೇ ಬೀದಿದೀಪದ ಬೆಳಕು ನೇರವಾಗಿ ಬೀಳುವ ಗಿಡದಲ್ಲಿ ಹೂ ತಡವಾಗುವುದುಂಟು.

ಇಲ್ಲಿ ಅಕ್ಷಾಂಶದ ಮಾತು ಬರುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲು 13 ಗಂಟೆಯನ್ನೂ ಮುಟ್ಟುವುದಿಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಅದು ಹದಿನಾರೂವರೆ ಗಂಟೆಯನ್ನು ಮೀರುತ್ತದೆ. ಥಾಯ್ಲೆಂಡ್ ಅಥವಾ ಕೇರಳದ ಮೂಲದ ತಳಿಯೊಂದು ಸುಮಾರು 12 ಗಂಟೆಯ ಹಗಲಿಗೆ ಒಗ್ಗಿರುತ್ತದೆ. ಅದನ್ನು ನೆದರ್‌ಲೆಂಡ್ಸಿನ ಬಯಲಲ್ಲಿ ನೆಟ್ಟರೆ, ಅದು ಕಾಯುವ ರಾತ್ರಿ ಸಿಗುವುದು ಸೆಪ್ಟೆಂಬರಿನಲ್ಲಿ. ಹೂ ಬಲಿಯಲು ಇನ್ನೂ ಮೂರು ತಿಂಗಳು ಬೇಕೆನ್ನುವಷ್ಟರಲ್ಲಿ ಶರತ್ಕಾಲದ ಮಳೆ, ಬೂದು ಬೂಷ್ಟು ಮತ್ತು ಹಿಮ ಬಂದು ಬೆಳೆಯನ್ನು ಮುಗಿಸಿಬಿಡುತ್ತವೆ. ಹಿಂದೂಕುಶ್ ಪರ್ವತಶ್ರೇಣಿಯ ಅಗಲ ಎಲೆಯ ಗಿಡ್ಡ ತಳಿಗಳು ಬೇಗ ಮಾಗುವುದರಿಂದ ಉತ್ತರದವರಿಗೆ ಹಿಡಿಸಿದವು. ಇದನ್ನೇ ತಿರುವುಮುರುವಾಗಿ ನೋಡಿದರೆ, ಉತ್ತರದ ಫೋಟೊಪೀರಿಯಡ್ ತಳಿ ಬೆಂಗಳೂರಿನಂಥ 13 ಡಿಗ್ರಿ ಅಕ್ಷಾಂಶದಲ್ಲಿ ಮೊಣಕಾಲೆತ್ತರಕ್ಕೆ ಬರುವ ಮೊದಲೇ ಹೂಬಿಟ್ಟು ಸೊರಗಬಹುದು. ಅಂಗಡಿಗಳು ಅಂಟಿಸುವ ‘ಬೇಸಿಗೆಯ ತಳಿ’, ‘ಚಳಿಗಾಲದ ತಳಿ’ ಎಂಬ ಚೀಟಿಗಳಿಗಿಂತ ತಳಿಯ ಪೂರ್ವಿಕರ ಊರು ಎಲ್ಲಿತ್ತೆಂಬುದನ್ನೇ ನಾನು ಹೆಚ್ಚು ನಂಬುತ್ತೇನೆ.

ಈ ಲೆಕ್ಕದಿಂದ ಹೊರಗುಳಿಯುವುದು ಆಟೋಫ್ಲವರ್. 1924ರಲ್ಲಿ ರಷ್ಯಾದ ಸಸ್ಯವಿಜ್ಞಾನಿ ಯಾನಿಶೆವ್ಸ್ಕಿ ‘ರೂಡರಾಲಿಸ್’ ಎಂದು ಹೆಸರಿಸಿದ ಕಾಡು ಬಗೆ, ಬೇಸಿಗೆ ಬಲು ಚಿಕ್ಕದಾದ ಸೀಮೆಯಲ್ಲಿ ರಾತ್ರಿ ಉದ್ದವಾಗುವುದನ್ನು ಕಾಯದೆ, ಮೊಳೆತ ಕೆಲವೇ ವಾರಗಳಲ್ಲಿ ವಯಸ್ಸಿನ ಲೆಕ್ಕದಲ್ಲೇ ಹೂಬಿಡುವುದನ್ನು ರೂಢಿಸಿಕೊಂಡಿತ್ತು. ಆ ಗುಣವನ್ನು ಇತರ ತಳಿಗಳಿಗೆ ಬೆರೆಸಿ ಪಡೆದ ಗಿಡಗಳು ಎರಡೂವರೆ–ಮೂರು ತಿಂಗಳಲ್ಲಿ ಕೊಯ್ಲಿಗೆ ಬರುತ್ತವೆ. ಗಿಡ ಚಿಕ್ಕದು, ಇಳುವರಿಯೂ ಸಾಮಾನ್ಯವಾಗಿ ಕಡಿಮೆ. ಬೀಜದ ಎಣ್ಣೆಗಾಗಿ ಫಿನ್ಲೆಂಡಿನಲ್ಲಿ ರೂಪಿಸಿದ ‘ಫಿನೋಲಾ’ ಎಂಬ ಹೆಂಪ್ ತಳಿ ಬೇಸಿಗೆಯ ದೀರ್ಘ ಹಗಲಿನಲ್ಲೇ ಬೇಗ ಹೂಬಿಟ್ಟು ಮಾಗುವುದಕ್ಕೆ ಹೆಸರಾಗಿದೆ.

ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆಯಡಿ ಪರವಾನಗಿಯಿಲ್ಲದೆ ಗಾಂಜಾ ಗಿಡ ಬೆಳೆಯುವುದು ಅಪರಾಧ. ಆದರೆ ಫೋಟೊಪೀರಿಯಡ್ ಕರ್ನಾಟಕದ ರೈತರಿಗೆ ಹೊಸತೇನಲ್ಲ. ಚಿಕ್ಕಬಳ್ಳಾಪುರದ ಸುತ್ತ ಸೇವಂತಿಗೆ ತೋಟಗಳಲ್ಲಿ ರಾತ್ರಿ ಸಾಲು ಸಾಲಾಗಿ ಬಲ್ಬು ಉರಿಸುವುದು ಕತ್ತಲನ್ನು ತುಂಡರಿಸಿ ಹೂವನ್ನು ಮುಂದೂಡಲೆಂದೇ. ಅದೂ ಗಾಂಜಾದಂತೆ ಹ್ರಸ್ವದಿನ ಸಸ್ಯ. ನಾಟಿ ಅವರೆ ಕೂಡ ಹಾಗೆಯೇ: ಮುಂಗಾರಿನಲ್ಲಿ ರಾಗಿಯ ಜೊತೆ ಬಿತ್ತಿದರೂ ಹಗಲು ಕಿರಿದಾದ ಮೇಲೆಯೇ ಹೂವಾಗಿ, ಡಿಸೆಂಬರ್–ಜನವರಿಯಲ್ಲಿ ಕಾಯಿ ಕೊಡುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಮತ್ತು 4 ತಳಿಗಳು ಈ ಕಟ್ಟನ್ನು ಕಳಚಿಕೊಂಡವು. ಇಂದು ಮಾರುಕಟ್ಟೆಯಲ್ಲಿ ವರ್ಷವಿಡೀ ಅವರೆಕಾಯಿ ಸಿಗುವುದಕ್ಕೆ ಇಂಥ ತಳಿಗಳು ದೊಡ್ಡ ಕಾರಣ, ಸೊಗಡು ಮಾತ್ರ ಚಳಿಗಾಲದ ಕಾಯಿಗೇ ಮೀಸಲೆಂದು ತಿನ್ನುವವರು ಹೇಳುತ್ತಾರೆ.