ಸಮುದಾಯ ಸುಧಾರಣಾ ಸೇವೆ: ಪ್ರೊಬೇಷನ್ ಮತ್ತು ಅದನ್ನು ಮುನ್ನಡೆಸುವವರ ಕೆಲಸ

ಅಪರಾಧ ಸಾಬೀತಾದ ವ್ಯಕ್ತಿಯನ್ನು ಸೆರೆಮನೆಗೆ ಕಳುಹಿಸದೆ, ಅಥವಾ ಸೆರೆವಾಸದ ಒಂದು ಭಾಗ ಮುಗಿದ ಬಳಿಕ, ಆತನ ಮನೆ, ದುಡಿಮೆ ಮತ್ತು ನೆರೆಹೊರೆಯ ನಡುವೆಯೇ ಇರಗೊಟ್ಟು, ಕೆಲವು ಷರತ್ತುಗಳಿಗೆ ಒಳಪಡಿಸಿ, ಒಬ್ಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ನಡೆಸುವ ಏರ್ಪಾಡುಗಳನ್ನು ಒಟ್ಟಾಗಿ ಸಮುದಾಯ ಸುಧಾರಣಾ ಸೇವೆ, ಅಂದರೆ ಕಮ್ಯುನಿಟಿ ಕರೆಕ್ಷನ್ಸ್, ಎಂದು ಕರೆಯುತ್ತಾರೆ. ಇದರ ಅತಿ ದೊಡ್ಡ ಅಂಗ ಪ್ರೊಬೇಷನ್ ಅಥವಾ ಪರಿವೀಕ್ಷಣೆ. ಅಮೆರಿಕದಲ್ಲಿ 2021ರ ಕೊನೆಗೆ ಸುಮಾರು 30 ಲಕ್ಷ ವಯಸ್ಕರು ಪ್ರೊಬೇಷನ್‌ನಲ್ಲಿದ್ದರು. ಅದೇ ಹೊತ್ತಿಗೆ ರಾಜ್ಯಗಳ ಮತ್ತು ಫೆಡರಲ್, ಅಂದರೆ ಕೇಂದ್ರ, ಸರ್ಕಾರದ ಕಾರಾಗೃಹಗಳಲ್ಲಿದ್ದವರು ಸುಮಾರು 12 ಲಕ್ಷ ಮಂದಿ. ಶಿಕ್ಷೆ ಎಂದೊಡನೆ ಎತ್ತರದ ಗೋಡೆಯನ್ನೇ ನೆನೆಯುವ ನಮಗೆ, ಗೋಡೆಯ ಹೊರಗೆ ಶಿಕ್ಷೆ ಅನುಭವಿಸುತ್ತಿರುವವರೇ ಹೆಚ್ಚು ಎಂಬುದು ಹೊಳೆಯುವುದು ಅಪರೂಪ.

ಪ್ರೊಬೇಷನ್ ಮತ್ತು ಪೆರೋಲ್‌ಗಳನ್ನು ಒಂದೇ ಎಂದು ತಿಳಿಯುವವರುಂಟು. ಪ್ರೊಬೇಷನ್ ನ್ಯಾಯಾಧೀಶರು ಕೊಡುವಂಥದ್ದು. ಸಾಮಾನ್ಯವಾಗಿ ಸೆರೆವಾಸಕ್ಕೆ ಬದಲಾಗಿ, ಕೆಲವೊಮ್ಮೆ ಅಲ್ಪಾವಧಿಯ ಸೆರೆವಾಸದೊಂದಿಗೆ ವಿಧಿಸುವಂಥದ್ದು. ಪೆರೋಲ್ ಕಾರಾಗೃಹದಲ್ಲಿ ಕಾಲ ಕಳೆದವನಿಗೆ ಅವಧಿಗೆ ಮೊದಲೇ ಸಿಗುವ ಷರತ್ತುಬದ್ಧ ಬಿಡುಗಡೆ; ಅದನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಪೆರೋಲ್ ಮಂಡಳಿ. ಇವೆರಡೂ ಕ್ಷಮಾದಾನವಲ್ಲ. ಷರತ್ತು ಮುರಿದರೆ ಅಮಾನತಿನಲ್ಲಿದ್ದ ಶಿಕ್ಷೆ ಮತ್ತೆ ಜೀವ ತಳೆಯಬಹುದು, ಬಿಡುಗಡೆಯಾದವನು ಮರಳಿ ಒಳಗೆ ಹೋಗಬಹುದು. ಸಮುದಾಯ ಸೇವೆಯ ಆದೇಶ, ಎಲೆಕ್ಟ್ರಾನಿಕ್ ಕಡಗದ ನಿಗಾ, ಹಗಲು ಹೊರಗೆ ದುಡಿದು ರಾತ್ರಿ ಮರಳಬೇಕಾದ ವಸತಿ ಕೇಂದ್ರಗಳು ಕೂಡ ಈ ಸೇವೆಯ ಅಡಿಯಲ್ಲೇ ಬರುತ್ತವೆ. ಇಲ್ಲಿ ಮುಖ್ಯವಾಗಿ ನೋಡುವುದು ವಯಸ್ಕರ ಪ್ರೊಬೇಷನ್ ಅನ್ನು.

ಈ ಪದ್ಧತಿ ಹುಟ್ಟಿದ್ದು ಶಾಸನಸಭೆಯಲ್ಲಲ್ಲ. 1841ರ ಆಗಸ್ಟ್‌ನಲ್ಲಿ ಬಾಸ್ಟನ್ ನಗರದ ಪೊಲೀಸ್ ನ್ಯಾಯಾಲಯದಲ್ಲಿ ಕುಳಿತಿದ್ದ ಜಾನ್ ಅಗಸ್ಟಸ್ ಎಂಬ ಬೂಟು ತಯಾರಕ, ಕುಡಿತದ ಆರೋಪ ಹೊತ್ತು ಬಂದ ಒಬ್ಬನಿಗೆ ತಾನೇ ಜಾಮೀನು ನಿಂತ. ಅಗಸ್ಟಸ್ ಮದ್ಯವರ್ಜನ ಸಂಘವೊಂದರ ಸದಸ್ಯ. ಕುಡುಕನನ್ನು ಬಂಧನಗೃಹಕ್ಕೆ ತಳ್ಳಿದರೆ ಕುಡಿತ ಬಿಡಿಸಿದಂತಾಗದು ಎಂಬುದು ಆತನ ನಂಬಿಕೆ. ಮೂರು ವಾರಗಳ ಬಳಿಕ ಅದೇ ವ್ಯಕ್ತಿ ಗುರುತೇ ಸಿಗದಷ್ಟು ಬದಲಾಗಿ ನ್ಯಾಯಾಧೀಶರ ಮುಂದೆ ನಿಂತಾಗ ಬಿದ್ದ ದಂಡ ಒಂದು ಸೆಂಟ್ ಮತ್ತು ನ್ಯಾಯಾಲಯದ ಖರ್ಚು. ಅಲ್ಲಿಂದ ಸುಮಾರು ಹದಿನೇಳು ವರ್ಷಗಳಲ್ಲಿ ಅಗಸ್ಟಸ್ 1,900ಕ್ಕೂ ಹೆಚ್ಚು ಜನರಿಗೆ ಜಾಮೀನು ನಿಂತ. ಕಂಡಕಂಡವರನ್ನೆಲ್ಲ ಆತ ವಹಿಸಿಕೊಳ್ಳುತ್ತಿರಲಿಲ್ಲ. ವ್ಯಕ್ತಿಯ ಹಿಂದಿನ ನಡತೆ, ವಯಸ್ಸು, ಮುಂದೆ ಯಾರ ನಡುವೆ ಬದುಕಲಿದ್ದಾನೆ ಎಂಬುದನ್ನೆಲ್ಲ ವಿಚಾರಿಸುತ್ತಿದ್ದ, ಕೆಲಸ ಮತ್ತು ವಸತಿ ಹುಡುಕಿಕೊಡುತ್ತಿದ್ದ, ನ್ಯಾಯಾಲಯಕ್ಕೆ ವರದಿ ಒಪ್ಪಿಸುತ್ತಿದ್ದ. ಇಂದಿನ ಪ್ರೊಬೇಷನ್ ಅಧಿಕಾರಿಯ ಮೂರು ಮುಖ್ಯ ಕರ್ತವ್ಯಗಳೂ ಅಲ್ಲೇ ಇವೆ: ಪೂರ್ವಾಪರ ತನಿಖೆ, ಮೇಲ್ವಿಚಾರಣೆ, ನೆರವು. ಸೆರೆಗೆ ಹೋಗುವವರು ಕಡಿಮೆಯಾದಷ್ಟೂ ತಮ್ಮ ಶುಲ್ಕದ ಆದಾಯ ಇಳಿಯುತ್ತದೆಂದು ನ್ಯಾಯಾಲಯದ ಕೆಲವು ನೌಕರರು ಅಗಸ್ಟಸ್‌ನನ್ನು ವಿರೋಧಿಸಿದ್ದೂ ದಾಖಲಾಗಿದೆ. ಸಂಬಳವಿಲ್ಲದೆ ದುಡಿದು, ಇದ್ದ ವ್ಯಾಪಾರವನ್ನೂ ಕಳೆದುಕೊಂಡು, 1859ರಲ್ಲಿ ಬಡತನದಲ್ಲೇ ತೀರಿಕೊಂಡ ಈತನನ್ನು ಪ್ರೊಬೇಷನ್‌ನ ಜನಕನೆಂದು ಗೌರವಿಸುವುದು ಮುಂದಿನ ತಲೆಮಾರುಗಳ ಪಾಲಿಗೆ ಬಂತು.

ಕಾನೂನು ಹಿಂದಿನಿಂದ ಬಂತು. 1878ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಬಾಸ್ಟನ್ ನಗರಕ್ಕೆ ಸಂಬಳ ಪಡೆಯುವ ಪ್ರೊಬೇಷನ್ ಅಧಿಕಾರಿಯನ್ನು ನೇಮಿಸಿಕೊಳ್ಳುವ ಅಧಿಕಾರ ನೀಡಿತು. ಆ ಹುದ್ದೆಗೆ ಬಂದ ಎಡ್ವರ್ಡ್ ಸ್ಯಾವೇಜ್ ನಗರದ ಮಾಜಿ ಪೊಲೀಸ್ ಮುಖ್ಯಸ್ಥ. ಮೊದಲನೆಯವನು ಸ್ವಯಂಸೇವಕ, ಎರಡನೆಯವನು ಪೊಲೀಸ್. ಈ ವೃತ್ತಿಯ ಒಳಗಿನ ಎಳೆದಾಟಕ್ಕೆ ಬೇರೆ ವಿವರಣೆಯೇ ಬೇಡವೇನೋ. ಫೆಡರಲ್ ಮಟ್ಟದಲ್ಲಿ ಇನ್ನೂ ತಡವಾಯಿತು. ಓಹಾಯೊದ ನ್ಯಾಯಾಧೀಶ ಜಾನ್ ಕಿಲಿಟ್ಸ್ ಬ್ಯಾಂಕ್ ಹಣ ದುರುಪಯೋಗದ ಪ್ರಕರಣವೊಂದರಲ್ಲಿ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಾಗ, ಹಾಗೆ ಅನಿರ್ದಿಷ್ಟವಾಗಿ ಅಮಾನತಿನಲ್ಲಿಡುವ ಸಹಜ ಅಧಿಕಾರ ನ್ಯಾಯಾಲಯಗಳಿಗಿಲ್ಲ, ಬೇಕಿದ್ದರೆ ಸಂಸತ್ತು ಕಾನೂನು ಮಾಡಲಿ ಎಂದು 1916ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಕಾನೂನು ಬಂದದ್ದು 1925ರಲ್ಲಿ. 1950ರ ದಶಕ ಮುಗಿಯುವ ಹೊತ್ತಿಗೆ ಎಲ್ಲ ರಾಜ್ಯಗಳೂ ವಯಸ್ಕರ ಪ್ರೊಬೇಷನ್ ಅನ್ನು ಒಪ್ಪಿಕೊಂಡಿದ್ದವು.

ಕಾಗದದ ಮೇಲೆ ಪ್ರೊಬೇಷನ್ ಎಂದರೆ ಷರತ್ತುಗಳ ಒಂದು ಪಟ್ಟಿ: ನಿಗದಿತ ದಿನ ಕಚೇರಿಗೆ ಬಂದು ಹಾಜರಿ ಕೊಡಬೇಕು, ಅನುಮತಿಯಿಲ್ಲದೆ ಪ್ರಾಂತ ಬಿಡಬಾರದು, ಕೆಲಸದಲ್ಲಿರಬೇಕು ಅಥವಾ ಹುಡುಕುತ್ತಿರಬೇಕು, ಮಾದಕ ವಸ್ತು ಪರೀಕ್ಷೆಗೆ ಒಳಪಡಬೇಕು, ದಂಡ ಮತ್ತು ಪರಿಹಾರದ ಕಂತು ಕಟ್ಟಬೇಕು, ಅನೇಕ ಕಡೆ ತನ್ನ ಮೇಲ್ವಿಚಾರಣೆಗೆ ತಾನೇ ಶುಲ್ಕವನ್ನೂ ತೆರಬೇಕು. ಇವುಗಳಲ್ಲಿ ಯಾವುದನ್ನು ಮುರಿದರೂ ಅದು ಉಲ್ಲಂಘನೆ. ಹೊಸ ಅಪರಾಧವಿಲ್ಲದೆ ಕೇವಲ ಷರತ್ತು ತಪ್ಪುವುದಕ್ಕೆ ತಾಂತ್ರಿಕ ಉಲ್ಲಂಘನೆ ಎಂದು ಹೆಸರು. ಪ್ರೊಬೇಷನ್ ರದ್ದುಪಡಿಸುವ ಮೊದಲು ವಿಚಾರಣೆ ನಡೆಯಲೇಬೇಕೆಂದು 1973ರ ಗ್ಯಾಗ್ನನ್ ಪ್ರಕರಣವೂ, ಕೊಡಲು ಹಣವೇ ಇಲ್ಲದವನನ್ನು, ಅವನು ಪ್ರಾಮಾಣಿಕವಾಗಿ ಪ್ರಯತ್ನಿಸಿದ್ದರೆ, ಬೇರೆ ದಾರಿಗಳನ್ನು ಪರಿಶೀಲಿಸದೆ ಸೆರೆಗೆ ತಳ್ಳುವಂತಿಲ್ಲವೆಂದು 1983ರ ಬಿಯರ್ಡನ್ ಪ್ರಕರಣವೂ ತೀರ್ಮಾನಿಸಿವೆ. ಇವು ಕನಿಷ್ಠ ರಕ್ಷಣೆಗಳು. ಹಾಜರಿ ತಪ್ಪಿಸಿದವನಿಗೆ ಫೋನ್ ಮಾಡಿ ಕಾರಣ ಕೇಳುವುದೋ, ನೇರವಾಗಿ ವಾರಂಟ್ ಕೋರುವುದೋ ಎಂಬ ದಿನನಿತ್ಯದ ನಿರ್ಧಾರ ಈ ತೀರ್ಪುಗಳಿಗೆ ಎಟಕುವುದಿಲ್ಲ. ಅದನ್ನು ರೂಪಿಸುವುದು ಇಲಾಖೆಯ ನಡಾವಳಿ, ಮತ್ತು ಆ ನಡಾವಳಿಯನ್ನು ಕಟ್ಟುವುದು ಇಲಾಖೆಯ ಮುಖ್ಯಸ್ಥರು.

ಆದ್ದರಿಂದಲೇ ಈ ಕ್ಷೇತ್ರದಲ್ಲಿ ನಾಯಕತ್ವ ಎಂಬ ಮಾತಿಗೆ ತೂಕವಿದೆ. ಕೆಲವು ರಾಜ್ಯಗಳಲ್ಲಿ ಪ್ರೊಬೇಷನ್ ರಾಜ್ಯ ಸರ್ಕಾರದ ಇಲಾಖೆ, ಕೆಲವೆಡೆ ಕೌಂಟಿಯದು, ಅಂದರೆ ರಾಜ್ಯದೊಳಗಿನ ಜಿಲ್ಲೆಯಂಥ ಸ್ಥಳೀಯ ಆಡಳಿತದ್ದು, ಇನ್ನು ಕೆಲವೆಡೆ ನ್ಯಾಯಾಲಯದ್ದೇ ಅಂಗ. ಟೆಕ್ಸಸ್‌ನಲ್ಲಿ ಸ್ಥಳೀಯ ಇಲಾಖೆಯ ನಿರ್ದೇಶಕರನ್ನು ಆಯಾ ಪ್ರದೇಶದ ನ್ಯಾಯಾಧೀಶರೇ ನೇಮಿಸುತ್ತಾರೆ. ಎಲ್ಲೇ ಆದರೂ ಮುಖ್ಯಸ್ಥರು ಒಂದೇ ಸಮಯಕ್ಕೆ ನ್ಯಾಯಾಧೀಶರು, ಬಜೆಟ್ ಕೊಡುವವರು, ಪೊಲೀಸರು, ಸಂತ್ರಸ್ತರು ಮತ್ತು ತಮ್ಮದೇ ಅಧಿಕಾರಿಗಳಿಗೆ ಉತ್ತರ ಹೇಳಬೇಕು. ಮೇಲ್ವಿಚಾರಣೆಯಲ್ಲಿದ್ದ ಒಬ್ಬನೇ ಒಬ್ಬ ಘೋರ ಕೃತ್ಯ ಎಸಗಿದರೆ ಮರುದಿನ ಪ್ರಶ್ನೆ ಬರುವುದು ಅವರತ್ತ. ಅವಧಿ ಮುಗಿಸಿ ಸದ್ದಿಲ್ಲದೆ ಸಂಸಾರ ನಡೆಸಿಕೊಂಡಿರುವ ಸಾವಿರಾರು ಜನರ ಬಗ್ಗೆ ಯಾರೂ ಕೇಳುವುದಿಲ್ಲ. ಇಂಥ ಸ್ಥಿತಿಯಲ್ಲಿ ಕೈ ಬಿಗಿ ಮಾಡುವುದೇ ಅಧಿಕಾರಿಗೆ ಸುರಕ್ಷಿತ ದಾರಿ. ಬಿಗಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಪುರಾವೆ ಇದೆ.

1974ರಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಮಾರ್ಟಿನ್ಸನ್ ಅವರ ಲೇಖನವೊಂದು, ಅಪರಾಧಿಗಳ ಸುಧಾರಣೆಗೆಂದು ಮಾಡುವ ಯಾವುದೂ ಫಲಿಸದು ಎಂಬ ಅರ್ಥದಲ್ಲಿ ಪ್ರಚಾರಗೊಂಡ ಮೇಲೆ, ಪ್ರೊಬೇಷನ್ ತನ್ನ ಅಸ್ತಿತ್ವವನ್ನೇ ಸಮರ್ಥಿಸಿಕೊಳ್ಳಬೇಕಾಯಿತು. 1980ರ ದಶಕದಲ್ಲಿ ಅದಕ್ಕೆ ಸಿಕ್ಕ ಉತ್ತರ ತೀವ್ರ ಮೇಲ್ವಿಚಾರಣೆ: ಪ್ರತಿ ಅಧಿಕಾರಿಗೆ ಕಡಿಮೆ ಜನ, ಹೆಚ್ಚು ಭೇಟಿ, ಹೆಚ್ಚು ಪರೀಕ್ಷೆ. ರ‍್ಯಾಂಡ್ ಸಂಶೋಧನಾ ಸಂಸ್ಥೆಯ ಜೋನ್ ಪೀಟರ್ಸಿಲಿಯಾ ಮತ್ತು ಸೂಸನ್ ಟರ್ನರ್ ಒಂಬತ್ತು ರಾಜ್ಯಗಳ ಹದಿನಾಲ್ಕು ಕಾರ್ಯಕ್ರಮಗಳನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಫಲಿತಾಂಶ ಅನೇಕರ ಉತ್ಸಾಹ ಇಳಿಸಿತು. ತೀವ್ರ ಮೇಲ್ವಿಚಾರಣೆಯಲ್ಲಿದ್ದವರಲ್ಲಿ ಶೇ. 37 ಮಂದಿ, ಸಾಮಾನ್ಯ ಮೇಲ್ವಿಚಾರಣೆಯಲ್ಲಿದ್ದವರಲ್ಲಿ ಶೇ. 33 ಮಂದಿ ಮತ್ತೆ ಬಂಧನಕ್ಕೊಳಗಾಗಿದ್ದರು, ಅಂದರೆ ಅಪರಾಧ ಇಳಿದಿರಲಿಲ್ಲ. ತಾಂತ್ರಿಕ ಉಲ್ಲಂಘನೆಯಲ್ಲಿ ಸಿಕ್ಕಿಬಿದ್ದವರು ಮಾತ್ರ ಕ್ರಮವಾಗಿ ಶೇ. 65 ಮತ್ತು ಶೇ. 38. ಹೆಚ್ಚು ಹತ್ತಿರದಿಂದ ನೋಡಿದರೆ ಹೆಚ್ಚು ತಪ್ಪು ಕಾಣುತ್ತದೆ, ಅಷ್ಟೆ. ಸೆರೆಮನೆಯ ಹೊರೆ ಇಳಿಸಲು ಹೊರಟ ಯೋಜನೆಯೇ ಅಲ್ಲಿಗೆ ಜನರನ್ನು ಕಳುಹಿಸುವ ಇನ್ನೊಂದು ಬಾಗಿಲಾಯಿತು. ಆದರೆ ಅದೇ ಅಧ್ಯಯನದಲ್ಲಿ, ನಿಗಾದ ಜೊತೆಗೆ ಚಿಕಿತ್ಸೆಯೂ ಸಿಕ್ಕಿದ್ದ ಕಡೆ ಮರುಬಂಧನ ಇಳಿದ ಸೂಚನೆ ಇತ್ತು.

ಕೆನಡಾದ ಮನಶ್ಶಾಸ್ತ್ರಜ್ಞರಾದ ಡಾನ್ ಆಂಡ್ರೂಸ್, ಜೇಮ್ಸ್ ಬಾಂಟಾ ಮತ್ತು ರಾಬರ್ಟ್ ಹೋಜ್ 1990ರಲ್ಲಿ ಮಂಡಿಸಿದ ತತ್ತ್ವಗಳು ಇದಕ್ಕೊಂದು ಚೌಕಟ್ಟು ಒದಗಿಸಿದವು. ಮರಳಿ ಅಪರಾಧಕ್ಕಿಳಿಯುವ ಸಂಭವ ಯಾರಲ್ಲಿ ಹೆಚ್ಚೋ ಅವರಿಗೆ ಹೆಚ್ಚು ಗಮನ ಕೊಡಬೇಕು. ಚಟ, ಸಹವಾಸ, ಆಲೋಚನೆಯ ರೀತಿ ಮುಂತಾದ ಅಪರಾಧಕ್ಕೆ ನೇರವಾಗಿ ತಳುಕು ಹಾಕಿಕೊಂಡ ಅಂಶಗಳ ಮೇಲೆ ಕೆಲಸ ಮಾಡಬೇಕು. ಕಲಿಸುವ ಬಗೆ ಆ ವ್ಯಕ್ತಿಗೆ ಒಗ್ಗುವಂತಿರಬೇಕು. ಮೊದಲನೆಯ ತತ್ತ್ವದ ಇನ್ನೊಂದು ಮುಖವನ್ನು ಒಪ್ಪಿಕೊಳ್ಳುವುದೇ ಆಡಳಿತಕ್ಕೆ ಕಷ್ಟ: ಅಪಾಯ ಕಡಿಮೆ ಇರುವವನನ್ನು ಬೆನ್ನು ಹತ್ತಿದರೆ ಕೆಡುಕೇ ಆಗಬಹುದು, ಏಕೆಂದರೆ ಪದೇ ಪದೇ ಕಚೇರಿಗೆ ಕರೆಸಿದರೆ ಅವನ ಕೆಲಸ ತಪ್ಪುತ್ತದೆ, ಕಾಯುವ ಕೋಣೆಯಲ್ಲಿ ಪಳಗಿದವರ ಪರಿಚಯ ಬೆಳೆಯುತ್ತದೆ, ಅವನನ್ನು ನೆಟ್ಟಗೆ ನಿಲ್ಲಿಸಿದ್ದ ಸಂಬಂಧಗಳೇ ಸಡಿಲಗೊಳ್ಳುತ್ತವೆ.

ಫಿಲಡೆಲ್ಫಿಯಾದ ವಯಸ್ಕರ ಪ್ರೊಬೇಷನ್ ಮತ್ತು ಪೆರೋಲ್ ಇಲಾಖೆ ಇದನ್ನು ಪರೀಕ್ಷೆಗೊಡ್ಡಿತು. 2007ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರ ಜೊತೆಗೂಡಿ, ಕಡಿಮೆ ಅಪಾಯದವರೆಂದು ಗುರುತಿಸಿದ 1,559 ಮಂದಿಯನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದು ಗುಂಪಿನ ಮೇಲ್ವಿಚಾರಣೆಯನ್ನು ಗಣನೀಯವಾಗಿ ಇಳಿಸಲಾಯಿತು. ಆ ಗುಂಪಿನ ಪ್ರತಿ ಅಧಿಕಾರಿಯ ಪಾಲಿಗೆ ಸುಮಾರು 400 ಜನ ಬಂದರು. ಎರಡು ಗುಂಪುಗಳ ಅಪರಾಧ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಉಳಿದ ಅಧಿಕಾರಿಗಳ ಸಮಯವನ್ನು ಹೆಚ್ಚು ಅಪಾಯದವರತ್ತ ತಿರುಗಿಸಲು ಇದು ದಾರಿ ಮಾಡಿತು. ಫಲಿತಾಂಶ ಗೊತ್ತಾದ ಮೇಲೆ ಇದು ಸರಳ ಲೆಕ್ಕವೆನಿಸಬಹುದು. ಪ್ರಯೋಗದ ನಡುವೆ ಒಂದು ದುರಂತ ನಡೆದಿದ್ದರೆ ಅದಕ್ಕೆ ಸಹಿ ಹಾಕಿದವರ ಗತಿ ಏನಾಗುತ್ತಿತ್ತೆಂದು ಯೋಚಿಸಿದಾಗ ಮಾತ್ರ ಆ ನಿರ್ಧಾರದ ಧೈರ್ಯ ಅರ್ಥವಾಗುತ್ತದೆ.

ಹಣದ ಹರಿವೂ ಮುಖ್ಯ. ಅಪರಾಧಿಯನ್ನು ಸ್ಥಳೀಯವಾಗಿ ಇರಿಸಿಕೊಂಡರೆ ವೆಚ್ಚ ಕೌಂಟಿಯದು, ರಾಜ್ಯದ ಕಾರಾಗೃಹಕ್ಕೆ ಕಳುಹಿಸಿದರೆ ವೆಚ್ಚ ರಾಜ್ಯದ್ದು. ಹೀಗಿದ್ದಾಗ ಕಳುಹಿಸಿಬಿಡುವುದೇ ಕೌಂಟಿಗೆ ಲಾಭ. ಇದನ್ನು ತಿರುಗಿಸಲು ಕ್ಯಾಲಿಫೋರ್ನಿಯಾ 1965ರಲ್ಲೇ ಕೌಂಟಿಗಳಿಗೆ ಸಹಾಯಧನದ ಯೋಜನೆ ತಂದಿತ್ತು. 1973ರಲ್ಲಿ ಮಿನ್ನೆಸೋಟ ಸಮುದಾಯ ಸುಧಾರಣಾ ಕಾಯಿದೆಯನ್ನೇ ಮಾಡಿತು. 2009ರಲ್ಲಿ ಮತ್ತೆ ಕ್ಯಾಲಿಫೋರ್ನಿಯಾ, ಪ್ರೊಬೇಷನ್ ವಿಫಲವಾಗಿ ಕಾರಾಗೃಹಕ್ಕೆ ಹೋಗುವವರ ಪ್ರಮಾಣ ಇಳಿಸಿದ ಕೌಂಟಿಗಳೊಡನೆ ರಾಜ್ಯಕ್ಕಾದ ಉಳಿತಾಯದ ಒಂದು ಭಾಗವನ್ನು ಹಂಚಿಕೊಳ್ಳುವ ಕಾನೂನು ತಂದಿತು.

ಈ ವೃತ್ತಿಯವರು ತಮ್ಮವರನ್ನು ತಾವೇ ಗುರುತಿಸುವ ಕ್ರಮವನ್ನೂ ಬೆಳೆಸಿಕೊಂಡಿದ್ದಾರೆ. 1975ರಲ್ಲಿ ಆರಂಭವಾದ ಅಮೆರಿಕನ್ ಪ್ರೊಬೇಷನ್ ಅಂಡ್ ಪೆರೋಲ್ ಅಸೋಸಿಯೇಷನ್ ಕ್ಷೇತ್ರದಲ್ಲಿ ದುಡಿಯುವ ಅಧಿಕಾರಿಗಳಿಗೂ ಸುಧಾರಕರಿಗೂ ಪ್ರಶಸ್ತಿಗಳನ್ನು ನೀಡುತ್ತದೆ, ಜುಲೈನಲ್ಲಿ ಒಂದು ವಾರವನ್ನು ಈ ಸೇವೆಯ ಸಲುವಾಗಿ ಆಚರಿಸುತ್ತದೆ. ನ್ಯಾಷನಲ್ ಅಸೋಸಿಯೇಷನ್ ಆಫ್ ಪ್ರೊಬೇಷನ್ ಎಕ್ಸಿಕ್ಯುಟಿವ್ಸ್ ಇಲಾಖೆಗಳ ಮುಖ್ಯಸ್ಥರದೇ ಸಂಘ. ವರ್ಷದ ಅತ್ಯುತ್ತಮ ಕಾರ್ಯನಿರ್ವಾಹಕರನ್ನು ಅದು ಗೌರವಿಸುತ್ತದೆ. ಹೊರಗಿನವರು ಗಮನಿಸದ ಕೆಲಸಕ್ಕೆ ಒಳಗಿನವರಾದರೂ ಮಾಲೆ ಹಾಕುವುದು ನ್ಯಾಯವೇ. ಆದರೆ ಪ್ರಶಸ್ತಿಗೆ ಅಳತೆಗೋಲು ಯಾವುದೆಂದು ಕೇಳುವುದೂ ಅಷ್ಟೇ ನ್ಯಾಯ. ದೀರ್ಘ ಸೇವಾವಧಿ, ಸಂಘದ ಹುದ್ದೆಗಳು, ಹೊಸ ತಂತ್ರಾಂಶ, ವಿಸ್ತರಿಸಿದ ಇಲಾಖೆ ಇವೆಲ್ಲ ಸನ್ಮಾನಪತ್ರದಲ್ಲಿ ಸುಲಭವಾಗಿ ಹಿಡಿಸುತ್ತವೆ. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆಗಳು ಬೇರೆ: ಎಷ್ಟು ಜನ ಅವಧಿ ಪೂರೈಸಿ ಹೊರಬಿದ್ದರು, ಎಷ್ಟು ಜನರನ್ನು ಸದ್ವರ್ತನೆಗಾಗಿ ಅವಧಿಗೆ ಮೊದಲೇ ಬಿಟ್ಟುಕೊಡಲಾಯಿತು, ಅರ್ಥವಿಲ್ಲದ ಎಷ್ಟು ಷರತ್ತುಗಳನ್ನು ಕೈಬಿಡುವಂತೆ ನ್ಯಾಯಾಧೀಶರ ಮನವೊಲಿಸಲಾಯಿತು.

ಇಂಥ ಪ್ರಶ್ನೆಗಳಿಗೆ ಈಗ ಶಾಸನಗಳಲ್ಲೂ ಜಾಗ ಸಿಗುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿ 2021ರಿಂದ ಜಾರಿಗೆ ಬಂದ ಕಾನೂನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಪ್ರೊಬೇಷನ್ ಅವಧಿಯನ್ನು ಸಣ್ಣ ಅಪರಾಧಗಳಿಗೆ ಒಂದು ವರ್ಷಕ್ಕೂ ಗಂಭೀರ ಅಪರಾಧಗಳಿಗೆ ಎರಡು ವರ್ಷಕ್ಕೂ ಮಿತಿಗೊಳಿಸಿತು. ಅದೇ ವರ್ಷ ಮೇಲ್ವಿಚಾರಣೆಯ ಶುಲ್ಕವನ್ನೂ ಅಲ್ಲಿ ತೆಗೆದುಹಾಕಲಾಯಿತು. ಶುಲ್ಕದ ಹಣದಿಂದಲೇ ಸಿಬ್ಬಂದಿಯ ಸಂಬಳದ ಒಂದು ಪಾಲನ್ನು ತೂಗಿಸುತ್ತಿರುವ ಇಲಾಖೆಗಳು ಬೇರೆ ರಾಜ್ಯಗಳಲ್ಲಿ ಇನ್ನೂ ಇವೆ, ಮತ್ತು ಆ ಪಾಲನ್ನು ಸರ್ಕಾರದ ಬಜೆಟ್‌ನಿಂದ ಪಡೆಯುವುದು ಅಲ್ಲಿನ ಮುಖ್ಯಸ್ಥರ ಮುಂದಿರುವ ಕೆಲಸ.