ಬೆವರು ಸುರಿದರೂ ಸೆಕೆ ಯಾಕೆ ಇಳಿಯುವುದಿಲ್ಲ?

ಮೇ ತಿಂಗಳ ಮಧ್ಯಾಹ್ನ ಕಾರವಾರದ ಬೈತಖೋಲ್ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವವರ ಅಂಗಿ ಹಿಂಡಿದರೆ ನೀರಿಳಿಯುತ್ತದೆ. ಆದರೂ ಮೈ ತಣಿಯುವುದಿಲ್ಲ. 'ಬೆವರು ದೇಹವನ್ನು ತಂಪಾಗಿಡುತ್ತದೆ' ಎಂದು ಬರೆದು ಅಂಕ ಗಿಟ್ಟಿಸಿದ ಪದವಿ ವಿದ್ಯಾರ್ಥಿಯನ್ನು ಅಲ್ಲಿ ನಿಲ್ಲಿಸಿ, ಇದ್ಯಾಕೆ ಹೀಗೆ ಅಂತ ಕೇಳಿ. ಆತ ತಡವರಿಸಿದರೆ ದೂರು ಹೋಗಬೇಕಾದ್ದು ಪಾಠ ಮಾಡಿದ ನಮಗೇ.

ಮೈ ತಂಪಾಗುವುದು ಬೆವರು ಆರಿದಾಗ. ಒಂದು ಲೀಟರ್ ಬೆವರು ಚರ್ಮದ ಮೇಲೇ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊತ್ತೊಯ್ಯುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ಹೆಚ್ಚೂಕಡಿಮೆ ಏನೂ ಇಲ್ಲ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ, ಬೆವರು ಬೇಗ ಆರುವುದಿಲ್ಲ. ನೀರೂ ಹೋಯಿತು, ಉಪ್ಪೂ ಹೋಯಿತು, ಸೆಕೆ ಮಾತ್ರ ಉಳಿಯಿತು. ಇಷ್ಟು ಅರ್ಥವಾದವನು ಮುಂದಿನದನ್ನು ತಾನೇ ಊಹಿಸುತ್ತಾನೆ: ಗಂಟೆಗಟ್ಟಲೆ ಬೆವರಿ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಮಟ್ಟ ಇಳಿದೀತು. ಪದವಿ ತರಗತಿಯಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುವುದು ಈ ಊಹೆಯ ಶಕ್ತಿಗಾಗಿ. ಹಾರ್ಮೋನುಗಳ ಪಟ್ಟಿ ಮರೆತರೆ ಪುಸ್ತಕ ತೆಗೆದು ನೋಡಬಹುದು.

ಓಆರ್‌ಎಸ್ (ಭೇದಿಯಾದಾಗ ನೀರಿನಲ್ಲಿ ಕರಗಿಸಿ ಕುಡಿಸುವ ಉಪ್ಪು-ಗ್ಲೂಕೋಸಿನ ಪುಡಿ) ವಿಷಯವೂ ಹಾಗೇ. ಸಣ್ಣ ಕರುಳಿನ ಗೋಡೆಯಲ್ಲಿರುವ ಒಂದು ವಾಹಕ ಪ್ರೋಟೀನು ಗ್ಲೂಕೋಸನ್ನೂ ಸೋಡಿಯಂ ಅನ್ನೂ ಜೊತೆಯಾಗಿಯೇ ಒಳಗೆಳೆದುಕೊಳ್ಳುತ್ತದೆ, ನೀರು ಅವುಗಳ ಬೆನ್ನುಹತ್ತುತ್ತದೆ. ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಈ ಜೋಡಿಸಾಗಣೆಯ ವಿವರಣೆ ಮುಂದಿಟ್ಟರು. ಕಾಲರಾ ಬಂದಾಗಲೂ ಈ ವಾಹಕ ಕೆಡುವುದಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿಯುತ್ತ ಬಂದಾಗ ವೈದ್ಯ ದಿಲೀಪ್ ಮಹಲನಬಿಸ್ ಉಪ್ಪು-ಗ್ಲೂಕೋಸಿನ ನೀರು ಕುಡಿಸಿ ಬಹಳ ಜೀವ ಉಳಿಸಿದ್ದು ಈ ತಿಳಿವಳಿಕೆಯ ಬಲದಿಂದ.

ನಮ್ಮ ಪರೀಕ್ಷೆಗಳು ಮಾತ್ರ ಇಂದಿಗೂ ಓಆರ್‌ಎಸ್‌ನಲ್ಲಿ ಏನೇನಿದೆ ಎಂದಷ್ಟೇ ಕೇಳುತ್ತವೆ. ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಎಂಬುದು ಪೊಟ್ಟಣದ ಮೇಲೇ ಅಚ್ಚಾಗಿರುತ್ತದೆ, ಬಾಯಿಪಾಠ ಯಾಕೆ? ಮಗುವಿಗೆ ಇಷ್ಟ ಅಂತ ತಾಯಿ ಮೂರು ಪಟ್ಟು ಸಕ್ಕರೆ ಸೇರಿಸಿದರೆ ಏನಾದೀತು ಎಂದು ಕೇಳಿ ನೋಡಿ. ಗಟ್ಟಿಯಾದ ದ್ರಾವಣ ರಕ್ತದ ಕಡೆಯಿಂದ ಕರುಳಿಗೆ ನೀರೆಳೆದು ಭೇದಿ ಹೆಚ್ಚಿಸುತ್ತದೆ ಎಂದು ಯೋಚಿಸಿ ಹೇಳಿದವರಿಗೆ ಪೂರ್ತಿ ಅಂಕ. ಅಂಥವರಿಗೆ ಇನ್ನೊಂದು ಪ್ರಶ್ನೆ ಕೊಡಬಹುದು: ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲಿ ಉಣ್ಣುವ ಉಪ್ಪುಗಂಜಿಯಲ್ಲಿ ಆ ವಾಹಕಕ್ಕೆ ಬೇಕಾದ ಗ್ಲೂಕೋಸ್ ಎಲ್ಲಿಂದ ಬರುತ್ತದೆ?